ಕಾರಣ ಸಿಗುವ ಮೊದಲು ಕಪ್ಪುಪಟ್ಟಿಯಿಂದ ಐಪಿ ತೆಗೆಸಲು ಹೋಗಬೇಡಿ

ಸ್ವಂತ ಸರ್ವರ್‌ನಿಂದ ಮೇಲ್ ಕಳಿಸುವವರು ದಯವಿಟ್ಟು ಓದಿ. ಕಪ್ಪುಪಟ್ಟಿ ಎಂದರೆ ಮೇಲ್ ವಿಷಯದಲ್ಲಿ ನಂಬಲಾಗದ ಐಪಿಗಳ (ಸರ್ವರ್‌ಗಳ ಅಂತರ್ಜಾಲ ವಿಳಾಸಗಳ) ಪಟ್ಟಿ, ಅದನ್ನು ನೋಡಿ ಇತರ ಸರ್ವರ್‌ಗಳು ಮೇಲ್ ತಿರಸ್ಕರಿಸುತ್ತವೆ. ನನ್ನ ಆತುರದಿಂದಾಗಿ 11 ದಿನ ನಮ್ಮ ಮೇಲ್‌ಗಳು ನೆಟ್ಟಗೆ ಯಾರಿಗೂ ತಲುಪಲಿಲ್ಲ.

ಪಾಸ್‌ವರ್ಡ್ ಬದಲಿಸುವ ಲಿಂಕ್ ಬಂದಿಲ್ಲ ಎಂದು ಬಳಕೆದಾರರೊಬ್ಬರು ದೂರಿದರು. ಸರ್ವರ್‌ನ ಲಾಗ್ (ದಾಖಲೆ) ತೆರೆದರೆ ಸಾಲುಸಾಲು 550 ಎಂಬ ನಿರಾಕರಣೆಯ ಸಂಕೇತ: ನಿಮ್ಮ ಐಪಿ ಕಪ್ಪುಪಟ್ಟಿಯಲ್ಲಿದೆ, ಮೇಲ್ ತೆಗೆದುಕೊಳ್ಳುವುದಿಲ್ಲ. ಗಾಬರಿಯಾಗಿ ನೇರ ಪಟ್ಟಿಯವರ ತಾಣಕ್ಕೆ ಹೋದೆ, 'ಸಮಸ್ಯೆ ಸರಿಪಡಿಸಿದ್ದೇನೆ' ಎಂಬಲ್ಲಿ ಟಿಕ್ ಹಾಕಿದೆ, ಐಪಿ ತೆಗೆಯಿರಿ ಎಂದು ಕೇಳಿದೆ. ಸಮಸ್ಯೆ ಏನೆಂದೇ ಆಗ ನನಗೆ ಗೊತ್ತಿರಲಿಲ್ಲ. ಕೆಲವೇ ಗಂಟೆಗಳಲ್ಲಿ ತೆಗೆದರು. ಮರುದಿನ ಮತ್ತೆ ಸೇರಿತು. ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ಸೇರಿತು. ಮೂರನೇ ಸಲ ಆ ಬಟನ್ ಇರಲಿಲ್ಲ. ಏನಾಗಿತ್ತು, ಏನು ಮಾಡಿದಿರಿ, ವಿವರವಾಗಿ ಬರೆಯಿರಿ ಎಂದಿತ್ತು. ನನ್ನ ಬಳಿ ಬರೆಯಲು ಏನೂ ಇರಲಿಲ್ಲ.

ಆಮೇಲೆ ಹುಡುಕಾಟ ಶುರುವಾಯಿತು. ಎಲ್ಲರ ಪಾಸ್‌ವರ್ಡ್ ಬದಲಿಸಿದೆ. ಸರ್ವರ್ ಓಪನ್ ರಿಲೇ ಆಗಿದೆಯೇ, ಅಂದರೆ ಯಾರು ಬೇಕಾದರೂ ಅದರ ಮೂಲಕ ಮೇಲ್ ಕಳಿಸಬಹುದೇ ಎಂದು ಪರೀಕ್ಷಿಸಿದೆ, ಇರಲಿಲ್ಲ. ಎಸ್‌ಪಿಎಫ್ (ನಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದೆಂಬ ಘೋಷಣೆ), ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಎರಡೂ ಸರಿಯಾಗಿದ್ದವು. ಕೊನೆಗೆ ಮೇಲ್ ಕಳಿಸುವ ತಂತ್ರಾಂಶವಾದ ಪೋಸ್ಟ್‌ಫಿಕ್ಸ್‌ನ ಕ್ಯೂ (ಕಳಿಸಲು ಕಾದಿರುವ ಮೇಲ್‌ಗಳ ಸಾಲು) ನೋಡಿದಾಗ ಎದೆ ಧಸಕ್ಕೆಂದಿತು. ಎಂದೂ ಕೇಳಿರದ ವಿಳಾಸಗಳಿಗೆ ಹೊರಟ ಸಾವಿರಾರು ಮೇಲ್‌ಗಳು ಅಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಲಾಗ್‌ನಲ್ಲಿ ಎಲ್ಲಕ್ಕೂ ಯುಐಡಿ (ಬಳಕೆದಾರ ಖಾತೆಯ ಸಂಖ್ಯೆ) 33, ಅಂದರೆ ನಮ್ಮ ಸರ್ವರ್‌ನ ಲಿನಕ್ಸ್ ಆದ ಡೆಬಿಯನ್‌ನಲ್ಲಿ ವೆಬ್ ಸರ್ವರ್ ಓಡುವ ಖಾತೆ. ಯಾರೂ ಒಳನುಗ್ಗಿರಲಿಲ್ಲ. ಮೇಲ್ ಹೋಗುತ್ತಿದ್ದುದು ನಮ್ಮದೇ ಸಂಪರ್ಕ ಫಾರ್ಮ್‌ನಿಂದ.

ಫಾರ್ಮ್ ತುಂಬಿದವರಿಗೆ 'ನಿಮ್ಮ ಸಂದೇಶ ತಲುಪಿದೆ' ಎಂದು ಒಂದು ಪ್ರತಿ ಹೋಗುವಂತೆ ಇಟ್ಟಿದ್ದೆ. ಬಾಟ್‌ಗಳು (ತಾವಾಗಿ ಫಾರ್ಮ್ ತುಂಬುವ ಪ್ರೋಗ್ರಾಂಗಳು) ಇಮೇಲ್ ಜಾಗದಲ್ಲಿ ಯಾರದೋ ವಿಳಾಸ, ಹೆಸರಿನ ಜಾಗದಲ್ಲಿ ಜಾಹೀರಾತಿನ ಲಿಂಕ್ ತುಂಬುತ್ತಿದ್ದವು. ನಮ್ಮ ಸರ್ವರ್ ಆ ಲಿಂಕನ್ನೇ ಹೆಸರೆಂದು ನಂಬಿ 'ನಮಸ್ಕಾರ' ಹೇಳಿ, ನಮ್ಮದೇ ಡಿಕಿಮ್ ಸಹಿ ಹಾಕಿ ಕಳಿಸುತ್ತಿತ್ತು. ಸಹಿ ಇದ್ದ ಮಾತ್ರಕ್ಕೆ ನಿಶ್ಚಿಂತೆಯಾಗಿರಬೇಡಿ. ಮೇಲ್ ನಿಮ್ಮಿಂದಲೇ ಹೊರಟಿದೆ ಎಂದಷ್ಟೇ ಅದು ಹೇಳುತ್ತದೆ, ಒಳಗೇನಿದೆ ಎಂದಲ್ಲ. ಇಂಥ ಫಾರ್ಮ್ ನಿಮ್ಮಲ್ಲಿದ್ದರೆ ಪ್ರತಿ ಕಳಿಸುವ ಸೌಲಭ್ಯವನ್ನು ಇವತ್ತೇ ನಿಲ್ಲಿಸಿ. ಹೆಸರಿನ ಜಾಗದಲ್ಲಿ ಲಿಂಕ್ ಬಂದರೆ ತಿರಸ್ಕರಿಸಿ, ಗಂಟೆಗೆ ಇಷ್ಟೇ ಎಂದು ಮಿತಿ ಹಾಕಿ.

ಕ್ಯೂ ಖಾಲಿ ಮಾಡುವುದನ್ನು ಮರೆಯಲೇಬೇಡಿ. ಫಾರ್ಮ್ ಮುಚ್ಚಿದರೂ ಕ್ಯೂನಲ್ಲಿ ಉಳಿದದ್ದನ್ನು ಪೋಸ್ಟ್‌ಫಿಕ್ಸ್ ಮತ್ತೆ ಮತ್ತೆ ಕಳಿಸಲು ನೋಡುತ್ತದೆ, ವಾಡಿಕೆಯ ಸೆಟ್ಟಿಂಗ್‌ನಲ್ಲಿ 5 ದಿನದವರೆಗೆ. ಆದರೆ ಒಂದೇ ಏಟಿಗೆ ಎಲ್ಲವನ್ನೂ ಅಳಿಸಬೇಡಿ, ನಿಜವಾದ ಮೇಲ್‌ಗಳೂ ಅದರೊಳಗಿರುತ್ತವೆ.

ನಡುವೆ ಇನ್ನೊಂದು ತಪ್ಪೂ ಮಾಡಿದೆ. ಬೇರೆ ಐಪಿ ತೆಗೆದುಕೊಂಡರೆ ಮುಗಿಯಿತು ಎಂದುಕೊಂಡು ಹೊಸದಕ್ಕೆ ಹೋದೆ. ಅದನ್ನು ಹಿಂದೆ ಬಳಸಿದ ಯಾರೋ ಆಗಲೇ ಕೆಡಿಸಿಟ್ಟಿದ್ದರು, ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಸರ್ವರ್‌ನ ಹೆಸರು ತಿಳಿಸುವ ದಾಖಲೆ) ಕೂಡ ಇರಲಿಲ್ಲ. ಹೊಸ ಐಪಿ ಸಿಕ್ಕ ಕೂಡಲೇ ಪಟ್ಟಿಗಳಲ್ಲಿ ಪರೀಕ್ಷಿಸಿ, ಕೆಟ್ಟದ್ದಾದರೆ ಅಲ್ಲೇ ಹಿಂದಿರುಗಿಸಿ.

ಪಟ್ಟಿಗಳನ್ನು ಕೇಳುವುದು ಡಿಎನ್‌ಎಸ್ (ಹೆಸರು-ವಿಳಾಸ ಹುಡುಕುವ ವ್ಯವಸ್ಥೆ) ಮೂಲಕ, ಉತ್ತರ ಐಪಿಯಂಥ ಸಂಖ್ಯೆಯಾಗಿ ಬರುತ್ತದೆ. ಪರೀಕ್ಷಿಸುವಾಗ ಆ ಸಂಖ್ಯೆಯನ್ನು ಸರಿಯಾಗಿ ಓದಿ. ಕಪ್ಪುಪಟ್ಟಿ ನಡೆಸುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಝೆನ್ ಪಟ್ಟಿಯಲ್ಲಿ 127.0.0.4 ಬಂದರೆ ಯಂತ್ರಕ್ಕೆ ಸೋಂಕು ತಗುಲಿರುವ ಅಥವಾ ಅದು ದುರ್ಬಳಕೆಯಾಗಿರುವ ಸಂಶಯ. 127.0.0.10 ಅಥವಾ 11 ಬಂದರೆ ನೀವು ಸ್ಪ್ಯಾಮ್ ಕಳಿಸಿದ್ದೀರಿ ಎಂದಲ್ಲ, ಆ ಐಪಿ ಶ್ರೇಣಿಯಿಂದ ನೇರವಾಗಿ ಮೇಲ್ ಬರಬಾರದು ಎಂದಷ್ಟೇ. ಎಲ್ಲರೂ ಬಳಸುವ ಸಾರ್ವಜನಿಕ ಡಿಎನ್‌ಎಸ್ ಸರ್ವರ್ ಮೂಲಕ ಕೇಳಿದರೆ 127.255.255.254 ಬರುತ್ತದೆ, ಅದು ಪ್ರಶ್ನೆಯನ್ನೇ ನಿರಾಕರಿಸಿದ ಸೂಚನೆ. ಅದನ್ನು ನೋಡಿ ಹೊಸ ಐಪಿಯೂ ಪಟ್ಟಿಗೆ ಸೇರಿತು ಎಂದು ನಾನು ಒಂದಿಡೀ ದಿನ ಕಳೆದುಕೊಂಡೆ.

ಕೊನೆಗೆ ಹಳೆಯ ಐಪಿಗೇ ಮರಳಿದೆ. ಫಾರ್ಮ್‌ನ ಕಥೆ, ಮಾಡಿದ ಬದಲಾವಣೆ, ಲಾಗ್‌ನ ಸಾಲುಗಳು, ಎಲ್ಲವನ್ನೂ ಪಟ್ಟಿಯವರಿಗೆ ಬರೆದೆ. ಮರುದಿನ ತೆಗೆದರು, ಮತ್ತೆ ಸೇರಿಲ್ಲ. ಈಗ ಕ್ಯೂನಲ್ಲಿ 50 ಮೇಲ್ ದಾಟಿದರೆ ನನ್ನ ಫೋನಿಗೆ ಎಚ್ಚರಿಕೆ ಬರುತ್ತದೆ.