ಕಲಬುರ್ಗಿ ಲ್ಯಾಬ್‌ದಾಗ ಕೋವಿಡ್ ಆಂಟಿಬಾಡಿ ಪ್ಯಾಕೇಜ್: ಮಂದಿ ಛಲೋ ಅದಾರ, ಪ್ಯಾಕೇಜ್ ಬ್ಯಾಡ

ಮೂರು ಸ್ಟಾರ್ ಕೊಡ್ತೀನಿ. ರಕ್ತ ತಗೋಳೋ ಹುಡುಗಿಗಿ ಐದಕ್ಕ ಐದು, ನಮ್ಮವ್ವಗ ನರ ಸಿಗೋದೇ ಕಷ್ಟ ಆದ್ರ ಆಕಿ ಒಂದೇ ಸಲಕ್ಕ ತಗೊಂಡ್ಳು, ರಿಪೋರ್ಟ್ ಸಂಜಿಗೇ ವಾಟ್ಸಾಪ್‌ಗೆ ಬಂತು. ತಕರಾರು ಇರೋದು ಆ ಇಮ್ಯುನಿಟಿ ಪ್ಯಾಕೇಜ್ ಬಗ್ಗೆ, ಅಂದ್ರ ರಕ್ತದಾಗ ಕೋವಿಡ್ ಆಂಟಿಬಾಡಿ (ವೈರಸ್‌ಗೆ ಅಂಟೋ ರಕ್ಷಣಾ ಪ್ರೋಟೀನ್) ನೋಡೋ ಟೆಸ್ಟ್‌ಗಳು.

ಅಪ್ಪಂದು ಎರಡು ಡೋಸ್ ಕೋವಿಶೀಲ್ಡ್ ಆಗ್ಯಾವ, ಆಮ್ಯಾಲ ಓಮಿಕ್ರಾನ್ ಬಂದಾಗ ಅವ್ರಿಗಿ ಪಾಸಿಟಿವ್ ಆಗಿತ್ತು. ಅವ್ವಂದು ಕೋವ್ಯಾಕ್ಸಿನ್, ಜ್ವರ ಗಿರ ಏನೂ ಬಂದಿಲ್ಲ. ರಿಪೋರ್ಟ್‌ದಾಗ ಅಪ್ಪಂದು ಆಂಟಿಬಾಡಿ ನಂಬರ್ 250ಕ್ಕಿಂತ ಜಾಸ್ತಿ ಅಂತ ಇತ್ತು, ಅವ್ವಂದು ಭಾಳ ಕಮ್ಮಿ. ಕೌಂಟರ್‌ದಾಗಿನ ಹುಡುಗ ಫೋನ್‌ದಾಗ ಏನಂದ ಅಂದ್ರ, ಕಾಕಾಗ ಇನ್ನ ಯಾವ ವೇರಿಯಂಟ್ ಬಂದ್ರೂ ಏನೂ ಆಗಂಗಿಲ್ರಿ, ಅವ್ವಾರಿಗಿ ಇಮ್ಯುನಿಟಿ ಕಮ್ಮಿ ಅದ ಅಂತ. ಅವ್ವ ರಾತ್ರಿ ಸರಿ ಊಟಾನೂ ಮಾಡ್ಲಿಲ್ಲ. ದೇಶದಾಗ ಕೊರೊನಾದ ಮೊದಲ್ನೇ ಸಾವು ನಮ್ಮ ಕಲಬುರ್ಗಿದಾಗೇ ಆಗಿದ್ದು, 2020ರ ಮಾರ್ಚ್‌ದಾಗ, ಆ ಹೆದ್ರಿಕಿ ಇಲ್ಲಿ ವಯಸ್ಸಾದವ್ರಿಗಿ ಇನ್ನೂ ಹೋಗಿಲ್ಲ, ಅಂಥವ್ರ ಮುಂದ ಹಿಂಗ ಮಾತಾಡಬಾರ್ದು.

ಮರುದಿನ ಹೋಗಿ ಅಲ್ಲಿನ ಡಾಕ್ಟರ್ ಮೇಡಂ ಅವ್ರನ್ನ ಭೇಟಿ ಆದ್ವಿ. ಅವ್ರು ಮಾತ್ರ ಕೂಡಿಸ್ಕೊಂಡು ಸಮಾಧಾನದಿಂದ ಹೇಳಿದ್ರು. ಈ ಟೆಸ್ಟ್ ಹಿಡಿಯೋದು ಮೊದ್ಲಿನ ವುಹಾನ್ ವೈರಸ್‌ನ ಸ್ಪೈಕ್‌ಗೆ (ವೈರಸ್ ಮೈಮ್ಯಾಲಿನ ಮುಳ್ಳಿನಂಥ ಪ್ರೋಟೀನ್) ಅಂಟೋ ಆಂಟಿಬಾಡಿ, ಓಮಿಕ್ರಾನ್ ಸ್ಪೈಕ್‌ದಾಗ 30ಕ್ಕಿಂತ ಜಾಸ್ತಿ ಬದಲಾವಣಿ ಆಗ್ಯಾವ, ಹಳೇದಕ್ಕ ಅಂಟೋದೆಲ್ಲಾ ಹೊಸದನ್ನ ತಡೀತದ ಅಂತ ಇಲ್ಲ. ಖರೇನ ತಡೀತದೇನು ನೋಡ್ಬೇಕಂದ್ರ ಜೀವಕೋಶದ ಮ್ಯಾಲ ವೈರಸ್ ಬಿಟ್ಟು ನೋಡೋ ಟೆಸ್ಟ್ ಬ್ಯಾರೇನೇ ಅದ, ಅದು ರಿಸರ್ಚ್ ಲ್ಯಾಬ್‌ದಾಗ ಮಾಡೋದು. ಅಪ್ಪಗ ಲಸಿ (ವ್ಯಾಕ್ಸಿನ್) ಆದ ಮ್ಯಾಲ ಸೋಂಕು ಬಂದದ್ದಕ್ಕ ನೆನಪಿನ ಬಿ ಸೆಲ್‌ಗಳು (ವೈರಸ್ ಗುರ್ತಿಟ್ಕೊಂಡು ಆಂಟಿಬಾಡಿ ಮಾಡೋ ಸೆಲ್) ಮತ್ತ ಎದ್ದಾವ, ಅದಕ್ಕೇ ನಂಬರ್ ಏರ್ಯಾದ, ಬ್ಯಾರೆ ಬ್ಯಾರೆ ವೇರಿಯಂಟ್ ಗುರ್ತು ಹಿಡಿಯೋ ತಾಕತ್ತೂ ಒಂದೀಟು ಹೆಚ್ಚಾಗ್ತದ, ಆದ್ರ ಮತ್ತ ಬರಂಗೇ ಇಲ್ಲ ಅಂತ ಅರ್ಥ ಅಲ್ಲ.

ಅವ್ವನ ವಿಷಯ ಹಿಂಗಂದ್ರು. ಲಸಿ ಆಗಿ ತಿಂಗ್ಳು ಕಳೀತಿದ್ದಂಗ ಆಂಟಿಬಾಡಿ ಇಳೀತಾವ, ಎಲ್ಲಾರಿಗೂ ಇಳೀತಾವ, ನೆನಪಿನ ಸೆಲ್‌ಗಳು ಉಳೀತಾವ. ಟಿ ಸೆಲ್ ಅಂತ ಇನ್ನೊಂದು ಜಾತಿ ರಕ್ಷಣಾ ಸೆಲ್‌ಗಳು ವೈರಸ್‌ನ ಸಣ್ಣ ಸಣ್ಣ ತುಂಡು ಗುರ್ತು ಹಿಡೀತಾವ, ಆ ತುಂಡುಗಳು ಓಮಿಕ್ರಾನ್‌ದಾಗೂ ಭಾಳಷ್ಟು ಹಂಗೇ ಉಳಿದಾವ, ಅದಕ್ಕೇ ಲಸಿ ಹಾಕಿಸ್ಕೊಂಡವ್ರಿಗಿ ಸೋಂಕು ತಗುಲಿದ್ರೂ ಸೀರಿಯಸ್ ಆಗೋದು ಕಮ್ಮಿ. ಈ ಪ್ಯಾಕೇಜ್‌ದಾಗ ಟಿ ಸೆಲ್ ಲೆಕ್ಕಾನೇ ಇಲ್ಲ! ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಮೇದಾಗೇ ಹೇಳ್ಯಾದ, ಲಸಿ ಆದ ಮ್ಯಾಲ ರಕ್ಷಣೆ ಎಷ್ಟದ ಅಂತ ನೋಡ್ಲಿಕ್ಕ ಆಂಟಿಬಾಡಿ ಟೆಸ್ಟ್ ಬಳಸಬ್ಯಾಡ್ರಿ ಅಂತ.

ಇನ್ನೊಂದು ದೊಡ್ಡ ತಪ್ಪದ. ಪ್ಯಾಕೇಜ್‌ದಾಗ ಎನ್ ಆಂಟಿಬಾಡಿನೂ (ವೈರಸ್ ಒಳಗಿನ ಎನ್ ಪ್ರೋಟೀನ್‌ಗೆ ಅಂಟೋದು) ಅದ, ಅವ್ವಂದು ಅದು ಪಾಸಿಟಿವ್, ಕೆಳಗ ‘ಹಿಂದೆ ಸೋಂಕು ಆಗಿದೆ’ ಅಂತ ಪ್ರಿಂಟ್ ಹೊಡ್ದಾರ. ಕೋವಿಶೀಲ್ಡ್‌ದಾಗ ಬರೇ ಸ್ಪೈಕ್ ಮಾಡಿಸೋ ಜೀನ್ ಇರ್ತದ, ಹಂಗಾಗಿ ಅದನ್ನ ಹಾಕಿಸ್ಕೊಂಡವ್ರಿಗಿ ಎನ್ ಪಾಸಿಟಿವ್ ಬಂದ್ರ ಸೋಂಕು ಆಗಿತ್ತು ಅಂತ ತಿಳಿಬಹುದು. ಕೋವ್ಯಾಕ್ಸಿನ್ ಅಂದ್ರ ಇಡೀ ವೈರಸ್ಸೇ ನಿಷ್ಕ್ರಿಯ ಮಾಡಿದ್ದು, ಅದ್ರಾಗ ಎನ್ ಪ್ರೋಟೀನೂ ಇರ್ತದ, ಲಸಿಯಿಂದಾನೂ ಪಾಸಿಟಿವ್ ಬರಬಹುದು. ಯಾವ ಲಸಿ ಅಂತ ಫಾರ್ಮ್‌ದಾಗ ಒಂದು ಕಾಲಂ ಇಟ್ರ ಸಾಕಿತ್ತು. ಮೇಡಂ ಆ ಸಾಲು ತೆಗಿಸಿ ಹೊಸ ರಿಪೋರ್ಟ್ ಕೊಟ್ರು, ಅದ್ಕೇ ಮೂರು ಸ್ಟಾರ್, ಇಲ್ಲಾಂದ್ರ ಒಂದೇ ಕೊಡ್ತಿದ್ದೆ.

ಕಿಡ್ನಿ ಕಸಿ ಆದವ್ರು, ಇಮ್ಯುನಿಟಿ ಕಮ್ಮಿ ಮಾಡೋ ಔಷಧ ತಗೋಳೋರು ತಮ್ಮ ಡಾಕ್ಟರ್ ಬರ್ದು ಕೊಟ್ರ ಮಾಡಿಸ್ರಿ. ಉಳಿದವ್ರು ಈ ರೊಕ್ಕದಾಗ ಮನ್ಯಾಗಿನ ಹಿರೇರ ಶುಗರ್, ಕ್ರಿಯೇಟಿನಿನ್ ಮಾಡಿಸ್ರಿ, ಅದಕ್ಕ ನಾವೂ ಇಲ್ಲಿಗೇ ಬರ್ತೀವಿ. ಮುಂಜಾನಿ ಲಗೂನ ಹೋಗ್ರಿ, ಹತ್ತರ ಮ್ಯಾಲ ಕೂಡ್ಲಿಕ್ಕ ಜಾಗ ಸಿಗಂಗಿಲ್ಲ.