ಸೈಜ್ ಒಂದೇ ಅಂತ ನಂಬಿ ಟೈರ್ ಹಾಕಿಸಿಕೊಂಡು ಕೆಟ್ಟೆ

ಹೋದ ತಿಂಗಳು ಒಂದು ಭಾನುವಾರ ಕಾರು ತೊಳೆಯುತ್ತಿದ್ದೆ. ಮುಂದಿನ ಎಡಗಡೆ ಟೈರಿನ ಪಕ್ಕ ಒರೆಸುವಾಗ ಕೈಗೆ ಏನೋ ಉಬ್ಬು ಸಿಕ್ಕಿತು. ಅರ್ಧ ನಿಂಬೆಹಣ್ಣು ಒಳಗಿಟ್ಟು ಹೊಲಿದ ಹಾಗಿತ್ತು. ಟೈರ್ ಹಾಕಿಸಿ ಮೂರು ತಿಂಗಳೂ ಆಗಿರಲಿಲ್ಲ. ಹಿಂದಿನ ದಿನವಷ್ಟೇ ಅದೇ ಟೈರಿನ ಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಮೈಸೂರಿನಿಂದ ನೂರರ ಸ್ಪೀಡಲ್ಲಿ ಬಂದಿದ್ದೆ. ಅಲ್ಲೇ ಬಕೆಟ್ ಪಕ್ಕ ಕೂತುಬಿಟ್ಟೆ.

ಕಾರು ಬಿವೈಡಿ ಸೀಲ್ ಪರ್ಫಾರ್ಮೆನ್ಸ್, ಬ್ಯಾಟರಿಯಲ್ಲಿ ಓಡುವ ಎಲೆಕ್ಟ್ರಿಕ್ ಕಾರು (ಇ.ವಿ.). ಎರಡು ಮೋಟರ್, 530 ಪಿಎಸ್ ಪವರ್, 670 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ), ಸೊನ್ನೆಯಿಂದ ನೂರಕ್ಕೆ 3.8 ಸೆಕೆಂಡ್. ಖಾಲಿ ಕಾರೇ 2,185 ಕೆಜಿ. ಇಷ್ಟು ಭಾರ ಹೊತ್ತು, ಕಾಲಿಟ್ಟ ತಕ್ಷಣ ಬರುವ ಟಾರ್ಕನ್ನೂ ತಡೆದುಕೊಂಡು ಟೈರ್ ಪಾಪ ಎಷ್ಟು ದಿನ ಬಾಳುತ್ತೆ? ಕಾರಿನ ಜೊತೆ ಬಂದಿದ್ದವು 26,000 ಕಿಲೋಮೀಟರಿಗೇ ಸವೆದಿದ್ದವು. ಸಿಗ್ನಲ್ ಬಿಟ್ಟಾಗ ನಾನು ಪೆಡಲ್ ಒತ್ತೋ ರೀತಿಯದೂ ಅದರಲ್ಲಿ ಪಾಲಿದೆ, ಇಲ್ಲ ಅನ್ನಲ್ಲ.

ಅದೇ ಟೈರ್ ಬೇಕು ಅಂದರೆ ನಾಲ್ಕಕ್ಕೆ ತೊಂಬತ್ತು ಸಾವಿರದ ಹತ್ತಿರ ಹೇಳಿದರು. ನಮ್ಮ ಏರಿಯಾದ ಒಂದು ಅಂಗಡಿಯವನು 58 ಸಾವಿರಕ್ಕೆ ಮುಗಿಸ್ತೀನಿ ಅಂದ. "ಸಾರ್, ಒಳ್ಳೇ ಕಂಪನಿ, ಸೈಜ್ ಅದೇ. ಇ.ವಿ. ಟೈರ್ ಅನ್ನೋದೆಲ್ಲ ಸುಮ್ನೆ ಮಾರ್ಕೆಟಿಂಗು." ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ಪಕ್ಕದಲ್ಲಿ ಇ.ವಿ. ಅಂತ ಬರೆದಿರಲೇಬೇಕು ಅಂತೇನಿಲ್ಲ. ಆದರೆ ಬರೆದಿರಲೇಬೇಕಾದ ಬೇರೆ ಒಂದು ಇದೆ, ಅದನ್ನು ನಾನು ನೋಡಲಿಲ್ಲ.

ನನ್ನ ಹಳೇ ಟೈರಿನ ಮೇಲೆ ಇದ್ದದ್ದು 235/45 ಆರ್19 99ವಿ. ಹೊಸದರಲ್ಲಿ 235/45 ಆರ್19 95ವಿ. 19ರ ತನಕ ಇರುವುದು ಸೈಜ್, ಕೊನೆಯ ವಿ ಸ್ಪೀಡಿನ ಗುರುತು. ನಾನು 19ರ ತನಕ ಓದಿ, ಸರಿ ಇದೆ ಅಂತ ತಲೆಯಾಡಿಸಿದೆ. ಅದರ ಮುಂದಿನ ಎರಡಂಕಿಯೇ ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ಭಾರ ಹೊರುತ್ತೆ ಅನ್ನೋದರ ಗುರುತು. 99 ಅಂದರೆ ಒಂದು ಟೈರ್ 775 ಕೆಜಿ ಹೊರಬಲ್ಲದು. 95 ಅಂದರೆ 690. ಒಂದೊಂದು ಚಕ್ರಕ್ಕೆ 85 ಕೆಜಿ, ಅಂದರೆ ಒಬ್ಬ ಗಟ್ಟಿ ಆಳಿನಷ್ಟು ಕಮ್ಮಿ.

ಆಮೇಲೆ ಜಗಳಕ್ಕೆ ಹೋದಾಗ ಅಂಗಡಿಯವನು ಕ್ಯಾಲ್ಕುಲೇಟರ್ ತೆಗೆದ. 690ನ್ನು ನಾಲ್ಕರಿಂದ ಗುಣಿಸಿದರೆ 2,760, ನಿಮ್ಮ ಕಾರು ಅಷ್ಟಿಲ್ಲ ಅಲ್ವಾ ಸಾರ್ ಅಂದ. ನಿಂತ ಕಾರಿಗೆ ಈ ಲೆಕ್ಕ ಸರಿ. ಆದರೆ ಓಡುವಾಗ ಬ್ರೇಕ್ ಹಾಕಿದರೆ ಭಾರ ಮುಂದಕ್ಕೆ ಬೀಳುತ್ತೆ, ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲುತ್ತೆ. ಆ ಹೊತ್ತಿಗೇ ಒಂದು ಗುಂಡಿ ಸಿಕ್ಕಿದರೆ? ಟೈರಿನ ಪಕ್ಕ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತೆ, ಒಳಗಿನ ದಾರಗಳು ತುಂಡಾಗುತ್ತವೆ, ಅಲ್ಲಿಂದ ಗಾಳಿ ರಬ್ಬರನ್ನು ಹೊರಕ್ಕೆ ತಳ್ಳುತ್ತೆ. ಅದೇ ಆ ನಿಂಬೆಹಣ್ಣು. 99ರ ಟೈರ್ ಆಗಿದ್ದರೂ ಗುಂಡಿಗೆ ಹೋಗ್ತಿತ್ತೇನೋ, ನಮ್ಮ ಬೆಂಗಳೂರಿನ ಗುಂಡಿಗಳ ಬಗ್ಗೆ ಆಣೆ ಮಾಡಿ ಹೇಳೋಕಾಗಲ್ಲ. ಆದರೆ ಕಾರಿಗೆ ಹೇಳಿದ್ದಕ್ಕಿಂತ ಕಮ್ಮಿ ತಾಕತ್ತಿನದನ್ನು ದುಡ್ಡು ಕೊಟ್ಟು ಹಾಕಿಸಿಕೊಂಡವನು ನಾನೇ.

ಇದರ ಮೇಲೆ ಗಾಳಿ ಬೇರೆ. ಎಲ್ಲ ಕಾರಿಗೂ ಹಾಕುವ ಹಾಗೆ 32 ಪಿಎಸ್‌ಐ ತುಂಬಿ ಕಳಿಸಿದ್ದ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಎಷ್ಟು ಗಾಳಿ ತುಂಬಬೇಕು ಅಂತ ಸ್ಟಿಕ್ಕರ್ ಇರುತ್ತೆ, ಅದನ್ನು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಜಾಸ್ತಿ ಗಾಳಿ ತುಂಬಿ ಸರಿಮಾಡಿಕೊಳ್ಳೋಣ ಅಂದರೂ ಆಗಲ್ಲ. ಮಾಮೂಲಿ ಲೋಡ್ ಟೈರ್ 36 ಪಿಎಸ್‌ಐ ದಾಟಿದ ಮೇಲೆ ಎಷ್ಟು ತುಂಬಿದರೂ ಹೊರುವ ಭಾರ ಏರುವುದಿಲ್ಲ. ಭಾರ ಹೊರಲೆಂದೇ ಗಟ್ಟಿ ಮಾಡಿದವುಗಳಿಗೆ ಎಕ್ಸ್‌ಎಲ್ ಅಂತ ಗುರುತು ಇರುತ್ತೆ.

ತಾರೀಖು ನೋಡಿದಾಗ ಇನ್ನೂ ಹೊಟ್ಟೆ ಉರಿಯಿತು. ಟೈರಿನ ಪಕ್ಕ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ, ಟೈರ್ ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕಂಕಿ ಇರುತ್ತೆ. ನನ್ನದರಲ್ಲಿ 1422, ಅಂದರೆ 2022ರ 14ನೇ ವಾರ. ಮೂರು ವರ್ಷಕ್ಕೂ ಮೇಲೆ ಯಾವುದೋ ಗೋಡೌನಿನಲ್ಲಿ ಮಲಗಿದ್ದ ಸರಕು. ಎರಡು ಟೈರಿನಲ್ಲಿ ಆ ಅಂಕಿ ಕಾರಿನ ಒಳಪಕ್ಕಕ್ಕೆ ಬರುವ ಹಾಗೆ ಕೂರಿಸಿದ್ದರು. ಬೇಕಂತಲೇ ಅಂತ ಹೇಳಲಾರೆ, ಆದರೆ ಬಗ್ಗಿ ಟಾರ್ಚ್ ಬಿಟ್ಟೇ ಓದಬೇಕಾಯಿತು.

ಇನ್ನೊಂದನ್ನು ಹೇಳಲೇಬೇಕು. ಆ ಅಂಗಡಿಯಲ್ಲಿ ಹಳೇ ಟೈರ್ ಬಿಚ್ಚುವಾಗ ನಾನು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಎದ್ದು ಬರುವಷ್ಟರಲ್ಲಿ ಹುಡುಗ ಟ್ರಾಲಿ ಜ್ಯಾಕನ್ನು ಕಾರಿನ ನಟ್ಟನಡುವೆ ನೂಕಿ ಎತ್ತಲು ಶುರುಮಾಡಿದ್ದ. ಅಲ್ಲಿರುವುದು ಬ್ಯಾಟರಿ. ಕೂಗಿದ ರಭಸಕ್ಕೆ ಲೋಟದಲ್ಲಿದ್ದ ಕಾಫಿ ಅಂಗಿ ಮೇಲೆ ಚೆಲ್ಲಿತು. ಅದೃಷ್ಟಕ್ಕೆ ಕೆಳಗಿನ ಕವರಿನ ಮೇಲೆ ಗೀರು ಬಿದ್ದಿತ್ತೇ ಹೊರತು ತಗ್ಗಾಗಿರಲಿಲ್ಲ. ಈ ಕಾರುಗಳನ್ನು ಎತ್ತಬೇಕಾದದ್ದು ಪಕ್ಕದ ಸಿಲ್ (ಬಾಗಿಲ ಕೆಳಗಿನ ಪಟ್ಟಿ) ಕೆಳಗೆ ಗುರುತು ಮಾಡಿದ ನಾಲ್ಕು ಜಾಗದಲ್ಲಿ ಮಾತ್ರ. ಕಾಫಿ ಆಮೇಲೆ ಕುಡಿಯಿರಿ, ಜ್ಯಾಕ್ ಪಕ್ಕದಲ್ಲೇ ನಿಂತಿರಿ.

ಹೊಸ ಟೈರ್ ಹಾಕಿದ ಮೇಲೆ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ ಕೂಡ ಮೂವತ್ತು ನಲವತ್ತು ಕಿಲೋಮೀಟರ್ ಇಳಿಯಿತು. ಯಾವ ಹೊಸ ಟೈರ್ ಹಾಕಿದರೂ ಮೊದಮೊದಲು ಸ್ವಲ್ಪ ಇಳಿಯುವುದು ಸಹಜ, ಅದಕ್ಕೆ ಅಂಗಡಿಯವನನ್ನು ಬೈಯುವುದಿಲ್ಲ.

ವಾರಂಟಿ ಕೇಳಿದೆ. ಗುಂಡಿಯ ಏಟಿಗೆ ವಾರಂಟಿ ಇಲ್ಲ ಅಂದರು. ಕೊನೆಗೆ ಬೇರೆ ಕಡೆ ಹೋಗಿ ಬಿಲ್ಲಿನ ಮೇಲೆ 99ವಿ ಎಕ್ಸ್‌ಎಲ್ ಅಂತ ಬರೆಸಿ, ತಾರೀಖಿನ ಅಂಕಿ ಫೋಟೋ ತೆಗೆದುಕೊಂಡ ಮೇಲೇ ಬಿಚ್ಚಲು ಬಿಟ್ಟೆ. ನಾಲ್ಕಕ್ಕೆ 88 ಸಾವಿರ.

ಉಳಿದ ಮೂರಾದರೂ ವಾಪಸ್ ತಗೋ ಅಂತ ಮೊದಲಿನ ಅಂಗಡಿಗೆ ಹೋಗಿದ್ದೆ. ಅವನು ತಿರುಗಿಸಿ ಮುರುಗಿಸಿ ನೋಡಿ ಅಂದ: "ಹಳೇ ಸ್ಟಾಕು ಸಾರ್, ಯಾರು ತಗೋತಾರೆ? ಹದಿನಾಲ್ಕು ಇಂಚಾಗಿದ್ರೆ ಎತ್ತಿನ ಗಾಡಿಗಾದ್ರೂ ಕೊಡಬಹುದಿತ್ತು."