ಕಿಡ್ನಿ ನೀರುಗುಳ್ಳೆ: ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ ಬಂದೆವು

ನಮ್ಮ ಮನೆಯವರ ಎರಡೂ ಕಿಡ್ನಿಯಲ್ಲಿ ನೀರುಗುಳ್ಳೆಗಳಿವೆ ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾದಾಗ ಅವರಿಗೆ 41 ವರ್ಷ. ಪಾಲಿಸಿಸ್ಟಿಕ್ ಕಿಡ್ನಿ ಅಂತಾರೆ. ಮಾವನವರಿಗೂ ಇದೇ ಇತ್ತು, ಡಯಾಲಿಸಿಸ್‌ನಲ್ಲಿದ್ದಾಗಲೇ ತೀರಿಕೊಂಡರು. ನಮ್ಮ ಮಗಳಿಗೆ 14, ಮಗನಿಗೆ 9. ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ. ಕಿಡ್ನಿ ಡಾಕ್ಟರ್ ಚೀಟಿ ಬರೆದು ಬೆಂಗಳೂರಿನ ಒಂದು ಆಸ್ಪತ್ರೆಯ ಜೆನೆಟಿಕ್ ಕೌನ್ಸೆಲಿಂಗ್‌ಗೆ ಕಳಿಸಿದರು. ವಂಶದಲ್ಲಿ ಬರುವ ಕಾಯಿಲೆ ಯಾರಿಗೆ ಬರಬಹುದು ಅಂತ ಕೂತು ತಿಳಿಸಿ ಹೇಳ್ತಾರೆ ಅಲ್ಲಿ.

"ಗಂಡುಮಕ್ಕಳಿಗೇ ಬರೋದು ಇದು, ಮಗಳ ಚಿಂತೆ ಬಿಡು" ಅಂದಿದ್ದರು ಅತ್ತೆ. ನಾನೂ ನಂಬಿದ್ದೆ. ಅಲ್ಲಿದ್ದ ಮೇಡಂ ಹಾಳೆಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆದು, ಕಾಯಿಲೆ ಇದ್ದವರದ್ದಕ್ಕೆ ಪೆನ್ನಿನಲ್ಲಿ ಕಪ್ಪು ತುಂಬಿದರು. ಜೀನ್ ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಗುಣಗಳನ್ನು ದಾಟಿಸೋದು. ಇಂಥ ಜೀನ್ ನಮ್ಮಲ್ಲಿ ಎರಡೆರಡು, ಅಮ್ಮನದ್ದೊಂದು, ಅಪ್ಪನದ್ದೊಂದು. ಈ ಕಾಯಿಲೆ ಬರಲು ಕೆಟ್ಟಿರುವುದು ಒಂದಿದ್ದರೂ ಸಾಕು. ಅಪ್ಪ ಯಾವುದನ್ನು ಕೊಡುತ್ತಾನೋ ಅದರ ಮೇಲೆ ಹೋಗುತ್ತೆ. ಹೆಣ್ಣು, ಗಂಡು ಅನ್ನೋ ಭೇದವಿಲ್ಲ.

"ಹಾಗಾದ್ರೆ ಇಬ್ಬರಲ್ಲಿ ಒಬ್ಬರಿಗೆ ಬರುತ್ತಾ?" ಅಂತ ಕೇಳಿದೆ. ಅವರು ಡ್ರಾಯರ್‌ನಿಂದ ಒಂದು ಹುಣಸೆ ಬೀಜ ತೆಗೆದರು. ಚೌಕಾಬಾರಕ್ಕೆ ತೇಯ್ತೀವಲ್ಲ, ಹಾಗೆ ಒಂದು ಮಗ್ಗುಲು ಬಿಳಿ. "ಹಾಕಿ ಅಮ್ಮ" ಅಂದರು. ಕಪ್ಪು ಬಿತ್ತು. ಇನ್ನೊಮ್ಮೆ ಹಾಕಿದೆ, ಮತ್ತೆ ಕಪ್ಪು. "ಮೊದಲು ಕಪ್ಪು ಬಿತ್ತು ಅಂತ ಈಗ ಬಿಳಿ ಬೀಳಲೇಬೇಕು ಅಂತಿಲ್ಲ ಅಲ್ವಾ? ಪ್ರತಿ ಮಗುವಿಗೂ ಹೊಸದಾಗಿ ಬೀಜ ಹಾಕಿದಂತೆ." ಇಬ್ಬರಿಗೂ ಬರಬಹುದು, ಇಬ್ಬರಿಗೂ ಬಾರದೇ ಇರಬಹುದು. ಬಾರದವರಿಂದ ಮುಂದೆ ಅವರ ಮಕ್ಕಳಿಗೂ ಹೋಗುವುದಿಲ್ಲ. ಈ ಮಾತು ಕೇಳಿ ಅತ್ತುಬಿಟ್ಟೆ. ಅವರು ಸುಮ್ನೆ ಕಾದರು.

ಮಕ್ಕಳಿಗೆ ಈಗಲೇ ಜೀನ್ ಟೆಸ್ಟ್ ಮಾಡಿಸಿ ಅಂತ ಒತ್ತಾಯ ಮಾಡಲಿಲ್ಲ. ದೊಡ್ಡವರಾದ ಮೇಲೆ ಬೇಕೋ ಬೇಡವೋ ಅವರೇ ಹೇಳಲಿ, ಅಲ್ಲಿಯವರೆಗೆ ತಪ್ಪದೆ ಬಿಪಿ ನೋಡಿಸಿ ಅಂದರು. ಚಿಕ್ಕವರಿದ್ದಾಗ ಸ್ಕ್ಯಾನಿಂಗ್ ಚೆನ್ನಾಗಿ ಬಂದರೂ ಕಾಯಿಲೆ ಇಲ್ಲ ಅಂತ ಖಾತ್ರಿ ಅಲ್ಲವಂತೆ.

ಬೇಜಾರಾದದ್ದು ಎರಡಕ್ಕೆ. ಹತ್ತೂವರೆಗೆ ಬನ್ನಿ ಅಂದವರು ಒಳಗೆ ಕರೆದದ್ದು ಹನ್ನೆರಡೂ ಮುಕ್ಕಾಲಿಗೆ. ಕೊನೆಗೆ ಕೊಟ್ಟ ಪತ್ರ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಅತ್ತೆಗಾಗಿ ರಾತ್ರಿ ಕೂತು ಕನ್ನಡದಲ್ಲಿ ಬರೆದುಕೊಟ್ಟೆ. ಇವೆರಡಕ್ಕೇ ಆಸ್ಪತ್ರೆಗೆ ಐದಕ್ಕೆ ನಾಲ್ಕು. ಆದರೆ ನಮ್ಮ ಜೊತೆ 50 ನಿಮಿಷ ಕೂತ ಆ ಮೇಡಂಗೆ ಐದಕ್ಕೆ ಐದು.

ಹೋಗುವವರು ಮನೆಯಲ್ಲಿ ಯಾರಿಗೆ ಏನಾಗಿತ್ತು, ಯಾವ ವಯಸ್ಸಿಗೆ ಅಂತ ಹಿರಿಯರನ್ನು ಕೇಳಿ ಬರೆದುಕೊಂಡು ಹೋಗಿ. ಮಾವನವರ ಅಕ್ಕನಿಗೂ ಡಯಾಲಿಸಿಸ್ ಆಗಿತ್ತು ಅನ್ನೋದು ನಮಗೆ ಗೊತ್ತಾದದ್ದು ಅಲ್ಲಿಂದ ಊರಿಗೆ ಫೋನ್ ಮಾಡಿದಾಗ.